ಒಳಗಿನ ಕುರ್ಚಿ

ನನ್ನ ಗಂಡನಿಗೆ ‘ಬೆಣ್ಣೆ ಕೈ’ ಎಂದು ಹೆಸರಿಟ್ಟವಳು ನಾನಲ್ಲ. ನಾನು ಇಡುವುದಾಗಿದ್ದರೆ ಇನ್ನೇನಾದರೂ ಇಡುತ್ತಿದ್ದೆ, ಯಾಕೆಂದರೆ ಮನೆಯಲ್ಲಿ ಆ ಕೈಯಿಂದ ಗೋಡೆಗೆ ಒಂದು ಮೊಳೆ ಹೊಡೆಸಬೇಕಾದರೂ ನಾನು ಗಂಟಲು ಹರಿದುಕೊಳ್ಳಬೇಕು. ಹೆಸರಿಟ್ಟವರು ಗಿರಾಕಿಗಳು. ಕ್ಷೌರದ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ, ಗಡ್ಡ ಹೋದದ್ದೇ ತಿಳಿಯದ ಹಾಗೆ ಗೊರಕೆ ಹೊಡೆದು ಎದ್ದು ಹೋಗುತ್ತಿದ್ದವರು. ಆ ಮಹಾನುಭಾವರ ವಿಷಯ ಆಮೇಲೆ ಹೇಳುತ್ತೇನೆ, ಈಗಲೇ ಶುರು ಮಾಡಿದರೆ ನನ್ನ ಬಾಯಿಂದ ಒಳ್ಳೆಯ ಮಾತು ಬರುವುದಿಲ್ಲ.

ಅಂಗಡಿ ನನ್ನ ಮಾವನದು. ಗೋಡೆ ಬಾಡಿಗೆಯದು, ಒಳಗಿನ ಎರಡು ಕುರ್ಚಿ, ಎರಡು ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಇಷ್ಟು ಅವರದು. ರಸ್ತೆಗೆ ಕಾಣುವುದು ಬಾಗಿಲ ಕುರ್ಚಿ, ನಲ್ಲಿಯ ಪಕ್ಕದ್ದು ಒಳಗಿನ ಕುರ್ಚಿ. ಮಾವ ಹೋದ ಮೇಲೆ ಬಾಗಿಲ ಕುರ್ಚಿ ಇವರ ಅಣ್ಣನಿಗೆ, ಅಂದರೆ ನನ್ನ ಭಾವನಿಗೆ ಬಂತು, ಒಳಗಿನದು ಇವರಿಗೆ. ಭಾವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಮಂಡಿ ನೋವಿಗೆ ಯಾವ ಎಣ್ಣೆ, ಚಂದ್ರನ ಮೇಲೆ ಏನಿದೆ, ಮುಂದಿನ ಚುನಾವಣೆ ಯಾರಿಗೆ, ಎಲ್ಲಕ್ಕೂ ಅವರ ಬಳಿ ಉತ್ತರವಿದೆ. ಅವರ ಬಾಯಿ ನಿಂತರೆ ಕತ್ತರಿಯೂ ನಿಲ್ಲುತ್ತದೆ. ಇವರೋ, ಬೆಳಗಿನಿಂದ ಸಂಜೆಯವರೆಗೆ ‘ತಲೆ ಸ್ವಲ್ಪ ಎತ್ತಿ’ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಹರಟೆ ಬೇಕಾದವರು ಬಾಗಿಲ ಕುರ್ಚಿಗೆ, ನಿದ್ದೆ ಬೇಕಾದವರು ಒಳಗಿನ ಕುರ್ಚಿಗೆ. ಹೀಗೆ ಎರಡು ಸಂಸಾರ ನಡೆದುಕೊಂಡು ಬಂದಿತ್ತು.

ಮಾವ ಮಕ್ಕಳಿಬ್ಬರಿಗೂ ಕೆಲಸ ಕಲಿಸಿದ್ದು ಬಲೂನಿನ ಮೇಲೆ. ಊದಿದ ಬಲೂನಿಗೆ ಸೋಪಿನ ನೊರೆ ಹಚ್ಚಿ, ಅದು ಒಡೆಯದ ಹಾಗೆ ಕತ್ತಿಯಿಂದ ನೊರೆ ಮಾತ್ರ ತೆಗೆಯಬೇಕು. ಭಾವ ರಾಶಿ ರಾಶಿ ಒಡೆದರಂತೆ. ಇವರು ಮೊದಲನೆಯದನ್ನೇ ಉಳಿಸಿಕೊಂಡು, ಮಲಗುವಾಗ ಪಕ್ಕದಲ್ಲಿಟ್ಟುಕೊಂಡು ಮಲಗಿದರಂತೆ. ಮಾವ ಇನ್ನೊಂದು ಕಟ್ಟಳೆ ಮಾಡಿದ್ದರು. ಕ್ಷೌರ ಮಾಡುವವನು ತನ್ನ ಗಡ್ಡ ತಾನು ಮುಟ್ಟಕೂಡದು, ವಾರಕ್ಕೊಮ್ಮೆ ಇನ್ನೊಬ್ಬನ ಕತ್ತಿಯ ಕೆಳಗೆ ಕೂರಬೇಕು, ಇಲ್ಲದಿದ್ದರೆ ಕೈ ಭಾರವಾಗುತ್ತದೆ ಎಂದು. ಅವರು ಸತ್ತ ಮೇಲೂ ಅಣ್ಣತಮ್ಮಂದಿರು ಅದನ್ನು ಬಿಡಲಿಲ್ಲ. ವಾರದ ರಜೆಯ ದಿನ ಷಟರನ್ನು ಅರ್ಧ ಎಳೆದುಕೊಂಡು ಒಬ್ಬರಿಗೊಬ್ಬರು ಗಡ್ಡ ಮಾಡಿಕೊಳ್ಳುತ್ತಿದ್ದರು. ನಾನು ಫ್ಲಾಸ್ಕಿನಲ್ಲಿ ಚಹಾ ತೆಗೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಭಾವನ ಎಡದವಡೆಯ ಕೆಳಗೆ ಒಂದು ಸುಳಿಯಿದೆ, ಅಲ್ಲಿ ಕೂದಲು ಸುತ್ತಿಕೊಂಡು ಬೆಳೆಯುತ್ತದೆ. ಯಾವ ಕಡೆಯಿಂದ ಕತ್ತಿ ಹೋಗಬೇಕೆಂದು ಇವರಿಗೊಬ್ಬರಿಗೇ ಗೊತ್ತಿತ್ತು. ಭಾವ ಆ ಹೊತ್ತಿನಲ್ಲಿ ನಿದ್ದೆ ಹೋಗುತ್ತಿದ್ದರು. ವಾರಕ್ಕೆಲ್ಲ ಅವರ ಬಾಯಿ ಮುಚ್ಚುತ್ತಿದ್ದುದು ಅದೊಂದು ಸಲ.

ಕಾಯಿಲೆ ಶುರುವಾದದ್ದು ಮೇಷ್ಟರ ಕೊರಳಿನಿಂದ. ಮೇಷ್ಟರೆಂದರೆ ನಿವೃತ್ತರಾದ ಶಾಲೆ ಮೇಷ್ಟರು, ಒಳಗಿನ ಕುರ್ಚಿಯ ಕಾಯಂ ಗಿರಾಕಿ. ತೆಳ್ಳಗಿನ ಕೊರಳು, ಉಗುಳು ನುಂಗಿದರೆ ಗಂಟಲಮಣಿ ಮೇಲೆ ಕೆಳಗೆ ಹೋಗುವುದು ಕಾಣುತ್ತದೆ. ಒಂದು ಬೆಳಿಗ್ಗೆ ಅವರ ಗಲ್ಲದ ಕೆಳಗೆ ಕತ್ತಿ ಇಟ್ಟಿದ್ದಾಗ ಇವರ ತಲೆಯಲ್ಲಿ ಒಂದು ಮಾತು ಬಂತು: ಇಲ್ಲಿ ಒತ್ತಿಬಿಟ್ಟರೆ? ಯಾರೋ ಹೇಳಿಕೊಟ್ಟ ಹಾಗಲ್ಲ, ತನ್ನದೇ ಯೋಚನೆ. ಜೊತೆಗೆ ಕಣ್ಣ ಮುಂದೆ ರಕ್ತವೂ ಕಂಡಿತಂತೆ. ಇವರು ಹೊಟ್ಟೆ ನೋವು ಎಂದು ಸುಳ್ಳು ಹೇಳಿ ಕತ್ತಿ ಕೆಳಗಿಟ್ಟರು. ಮೇಷ್ಟರ ಉಳಿದ ಅರ್ಧ ಗಡ್ಡವನ್ನು ಭಾವ ತೆಗೆದರು. ನನಗೆ ಇದೆಲ್ಲ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಅವತ್ತು ನಾನು ನೋಡಿದ್ದು ಇಷ್ಟೇ, ಮಧ್ಯಾಹ್ನಕ್ಕೇ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ ಗಂಡ.

ಆಮೇಲೆ ಯಾವ ಕೊರಳು ಕಂಡರೂ ಅದೇ ಯೋಚನೆ. ಗಡ್ಡದ ಗಿರಾಕಿಗಳನ್ನೆಲ್ಲ ಅಣ್ಣನ ಕಡೆ ಕಳಿಸಿ ಇವರು ಬರೀ ತಲೆಗೂದಲು ಕತ್ತರಿಸತೊಡಗಿದರು. ರಜೆಯ ದಿನ ಅಣ್ಣತಮ್ಮಂದಿರ ಗಡ್ಡವೂ ನಿಂತಿತು. ಸ್ವಲ್ಪ ದಿನಕ್ಕೆ ಕತ್ತರಿಯೂ ಕಷ್ಟವಾಯಿತು, ಕಿವಿಯ ಹತ್ತಿರ ಬಂದರೆ ಕೈ ನಡುಗುತ್ತಿತ್ತು. ಮನೆಯಲ್ಲಿ ಚಾಕು ಕಣ್ಣಿಗೆ ಬೀಳದ ಕಡೆ ಇಡು ಎಂದರು. ತಾನು ಬರುವ ಮುಂಚೆಯೇ ತರಕಾರಿ ಹೆಚ್ಚಿ ಮುಗಿಸು ಎಂದರು. ನಮ್ಮ ಮಗಳ ಹಣೆಯ ಮೇಲಿನ ಕೂದಲನ್ನು ಹುಬ್ಬಿನ ಮಟ್ಟಕ್ಕೆ ಕತ್ತರಿಸುವುದು ಇವರ ಕೆಲಸವಾಗಿತ್ತು, ಅದನ್ನೂ ಬಿಟ್ಟರು. ಕೂದಲು ಕಣ್ಣಿಗೆ ಇಳಿದು ಹುಡುಗಿ ಕ್ಲಿಪ್ಪು ಹಾಕಿಕೊಂಡು ಓಡಾಡಿತು. ಜೊತೆಗೆ ಒಂದು ಪ್ರಶ್ನೆ ಹಿಡಿದುಕೊಂಡರು. ನಾನು ಅಂಥವನಲ್ಲ ಅಲ್ವಾ? ಎಂಥವನು ಎಂದು ಹೇಳುತ್ತಿರಲಿಲ್ಲ. ನಾನು ಅಲ್ಲ ಎನ್ನುತ್ತಿದ್ದೆ. ಮುಖ ತಿಳಿಯಾಗುತ್ತಿತ್ತು, ತಟ್ಟೆ ತೊಳೆದಿಡುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ.

ನಾನು ಸುಮ್ಮನಿರುವ ಹೆಂಗಸಲ್ಲ. ಇನ್ಯಾವಳೋ ಇದ್ದಾಳೆ ಎಂದುಕೊಂಡು ಜಾಲಾಡಿದೆ. ಒಂದು ದಿನ ಈರುಳ್ಳಿ ಹೆಚ್ಚುತ್ತಿದ್ದವಳು ಇವರು ಬಂದರೂ ಏಳಲಿಲ್ಲ, ಚಾಕು ಹಿಡಿದುಕೊಂಡೇ ಅಡುಗೆಮನೆ ಬಾಗಿಲಲ್ಲಿ ಅಡ್ಡ ನಿಂತೆ. ಇವರು ಗೋಡೆಗೆ ಅಂಟಿಕೊಂಡು, ‘ಅದನ್ನ ಕೆಳಗಿಡು, ಹೇಳ್ತೀನಿ’ ಎಂದರು. ಕೆಳಗಿಟ್ಟೆ. ಎಲ್ಲ ಹೇಳಿದರು. ಹೇಳಿ ಮುಗಿಸಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತರು. ಇರುವೆ ಕಂಡರೆ ಸುತ್ತಿ ನಡೆಯುವ ಮನುಷ್ಯ. ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ.

ನಾನು ಒಂದು ದೊಡ್ಡ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸದವಳು. ಹೊರರೋಗಿಗಳ ಕಟ್ಟಡದ ಕೊನೆಯಲ್ಲಿ ಒಂದು ಕೋಣೆಯಿದೆ. ಅಲ್ಲಿ ಮಂಚವಿಲ್ಲ, ಸೂಜಿಯಿಲ್ಲ, ಔಷಧಿ ವಾಸನೆಯಿಲ್ಲ, ಎರಡು ಮೂರು ಕುರ್ಚಿ, ಒಂದು ಮೇಜು ಅಷ್ಟೇ. ಒಳಗೆ ಹೋದವರು ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಾರೆ, ಆದರೆ ಮುಂದಿನ ವಾರ ಮತ್ತೆ ಬರುತ್ತಾರೆ. ಅಲ್ಲಿ ಕೂರುವ ಯುವಕನನ್ನು ನಾವು ಕೆಲಸದವರೆಲ್ಲ ಮಾತಿನ ಡಾಕ್ಟರು ಎನ್ನುತ್ತಿದ್ದೆವು. ಅವರು ಮಾತ್ರೆ ಬರೆಯುವ ಡಾಕ್ಟರಲ್ಲ, ಮನಸ್ಸಿನ ವಿಷಯ ಓದಿದವರು. ಒಂದು ದಿನ ನೆಲ ಒರೆಸುವ ನೆಪದಲ್ಲಿ ಒಳಗೆ ಹೋಗಿ ಕೇಳಿಯೇಬಿಟ್ಟೆ. ಕರೆದುಕೊಂಡು ಬನ್ನಿ ಎಂದರು.

ಇವರು ಹೇಳುವಷ್ಟೂ ಹೊತ್ತು ನಾನು ಆ ಹುಡುಗನ ಮುಖ ನೋಡುತ್ತಿದ್ದೆ, ಎಲ್ಲಿ ಕುರ್ಚಿ ಹಿಂದಕ್ಕೆ ಸರಿಸುತ್ತಾನೋ ಎಂದು. ಸರಿಸಲಿಲ್ಲ. ನನ್ನ ಕಡೆ ತಿರುಗಿ, ಮಗಳು ಕೂಸಾಗಿದ್ದಾಗ ಎತ್ತಿಕೊಂಡು ಮಹಡಿಯ ಅಂಚಿನಲ್ಲಿ ನಿಂತಾಗ, ಕೈಬಿಟ್ಟುಬಿಟ್ಟರೆ ಎಂಬ ಯೋಚನೆ ಯಾವತ್ತಾದರೂ ಬಂದಿತ್ತೇ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಯೋಚಿಸಿದರೆ, ಬಂದಿತ್ತು. ಥೂ ಎಂದುಕೊಂಡು ಒಳಗೆ ಬಂದಿದ್ದೆ. ವ್ಯತ್ಯಾಸ ಅಷ್ಟೇ ಎಂದರು ಅವರು. ಇಂಥ ಬೇಡದ ಯೋಚನೆ ಹೆಚ್ಚು ಕಡಿಮೆ ಎಲ್ಲರಿಗೂ ಬರುತ್ತದೆ, ನಾವು ಥೂ ಎಂದು ಮುಂದೆ ಹೋಗುತ್ತೇವೆ. ಇವರು ಅದರ ಕುತ್ತಿಗೆ ಪಟ್ಟಿ ಹಿಡಿದು ನಿಲ್ಲಿಸಿ, ನೀನು ಯಾಕೆ ಬಂದೆ, ನಾನು ಕೊಲೆಗಾರನಾ ಎಂದು ವಿಚಾರಣೆ ಮಾಡುತ್ತಾರೆ. ಓಡಿಸಲು ನೋಡಿದಷ್ಟೂ ಅದು ಜಾಸ್ತಿ ಬರುತ್ತದೆ. ಕತ್ತಿ ಬಿಟ್ಟರೆ, ಚಾಕು ಬಚ್ಚಿಟ್ಟರೆ ಆ ಕ್ಷಣಕ್ಕೆ ಭಯ ಇಳಿಯುತ್ತದೆ, ಆದರೆ ಬಚ್ಚಿಟ್ಟಿದ್ದರಿಂದಲೇ ಏನೂ ಆಗಲಿಲ್ಲ ಎಂದು ಮನಸ್ಸು ನಂಬುತ್ತದೆ.

ಈ ಚಿಕಿತ್ಸೆಗೆ ಸಿಬಿಟಿ ಎನ್ನುತ್ತಾರಂತೆ. ಯೋಚನೆಯನ್ನೂ ನಡವಳಿಕೆಯನ್ನೂ ಒಟ್ಟಿಗೆ ಹಿಡಿದು ತಿದ್ದುವುದು. ಕಾಯಿಲೆ ತೀರಾ ಜೋರಾದರೆ ಮಾತ್ರೆಯೂ ಬೇಕಾಗಬಹುದು, ಮೊದಲು ಇದನ್ನು ನೋಡೋಣ ಎಂದರು. ವಾರಕ್ಕೊಮ್ಮೆ ಬರಬೇಕು, ಆದರೆ ಚಿಕಿತ್ಸೆ ನಡೆಯುವುದು ಈ ಕೋಣೆಯಲ್ಲಲ್ಲ, ಉಳಿದ ದಿನಗಳಲ್ಲಿ ಮನೆಯಲ್ಲಿ. ಯಾವುದಕ್ಕೆ ಎಷ್ಟು ಭಯ ಎಂದು ಇವರೇ ನೂರಕ್ಕೆ ಅಂಕ ಕೊಡಬೇಕು, ಕಡಿಮೆ ಭಯದ್ದರಿಂದ ಮೆಟ್ಟಿಲು ಹತ್ತಿದ ಹಾಗೆ ಹತ್ತಬೇಕು. ಇವರು ಕೊನೆಯ ಮೆಟ್ಟಿಲಿಗೆ ನೂರಕ್ಕೆ ನೂರು ಕೊಟ್ಟರು. ಒಳಗಿನ ಕುರ್ಚಿಯಲ್ಲಿ ಅಣ್ಣನಿಗೆ ಗಡ್ಡ ಮಾಡುವುದು. ಅದೊಂದು ಆದರೆ ನಾನು ಮನುಷ್ಯನಾಗಿಬಿಡ್ತೀನಿ ಎಂದರು.

ಮಾತಿನ ಡಾಕ್ಟರು ಒಂದು ಷರತ್ತು ಹಾಕಿದರು. ‘ನೀವು ಅಂಥವರಲ್ಲ ಅಂತ ಈಗ ಒಂದು ಸಲ ಹೇಳ್ತೀನಿ. ಇನ್ಮೇಲೆ ನನ್ನನ್ನೂ ಕೇಳಬೇಡಿ, ಇವರನ್ನೂ ಕೇಳಬೇಡಿ. ಆ ಪ್ರಶ್ನೇನೂ ಕಾಯಿಲೇದೇ.’

ಒಂದಕ್ಕೆ ಹತ್ತು ಮಾತಾಡುವ ನನಗೆ ಉತ್ತರ ಕೊಡಬೇಡ ಎನ್ನುವ ಔಷಧಿ! ಇವರು ಅಡುಗೆಮನೆಗೆ ಬಂದು, ನಾನು ಅಂಥವನಲ್ಲ ಅಲ್ವಾ ಎನ್ನುವರು. ನಾನು ಡಾಕ್ಟರು ಹೇಳಿಕೊಟ್ಟ ಪಾಠದಂತೆ, ಇದಕ್ಕೆ ನಾನು ಉತ್ತರ ಕೊಡಲ್ಲ ರೀ ಎಂದು ಬೆನ್ನು ತಿರುಗಿಸಿ ಪಾತ್ರೆ ಉಜ್ಜುತ್ತಿದ್ದೆ. ಆಗ ನಮ್ಮ ಮನೆಯ ಪಾತ್ರೆಗಳು ಹೊಳೆದಷ್ಟು ಯಾವತ್ತೂ ಹೊಳೆದಿಲ್ಲ.

ಮೊದಲ ಮೆಟ್ಟಿಲು ಬ್ಲೇಡಿಲ್ಲದ ಕತ್ತಿಯನ್ನು ಮೇಜಿನ ಮೇಲಿಟ್ಟುಕೊಂಡು ನೋಡುತ್ತಾ ಕೂರುವುದು. ನಗಬೇಡಿ, ಇವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎದ್ದು ಹೋದರೆ ಭಯ ಗೆದ್ದ ಹಾಗೆ, ಕೂತಿರಿ, ತಾನಾಗೇ ಇಳಿಯುತ್ತೆ ಎಂದರು ಡಾಕ್ಟರು. ಕೂತರು. ಇಳಿಯಿತು. ಆಮೇಲೆ ಬ್ಲೇಡು ಹಾಕಿ ಕೈಯಲ್ಲಿ ಹಿಡಿಯುವುದು. ಆಮೇಲೆ ಬಲೂನು, ಮಾವ ಕಲಿಸಿದ ಹಾಗೆಯೇ ನೊರೆ ಹಚ್ಚಿ. ಮೊದಲನೆಯದು ಢಬ್ಬೆಂದಾಗ ಬೆಣ್ಣೆ ಕೈಯವರು ಮಗುವಿನ ಹಾಗೆ ಅತ್ತರು. ಒಂದು ವಾರ ಎಲ್ಲ ಹಿಂದಕ್ಕೆ ಹೋಗಿ, ನಾನು ಬರಲ್ಲ ಎಂದು ಕೂತರು. ಹೀಗೂ ಆಗುತ್ತೆ, ಕೆಳಗಿನ ಮೆಟ್ಟಿಲಿಂದ ಮತ್ತೆ ಹತ್ತೋಣ ಎಂದರು ಡಾಕ್ಟರು. ಹತ್ತಿದರು. ಮನೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ಬದನೆಕಾಯಿ ಹೆಚ್ಚಿದರು. ಒಂದು ರಜೆಯ ಬೆಳಿಗ್ಗೆ ಮಗಳನ್ನು ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ, ಕ್ಲಿಪ್ಪು ತೆಗೆದು, ಹಣೆಯ ಕೂದಲು ಕತ್ತರಿಸಿದರು. ಓರೆಯಾಗಿತ್ತು. ಹುಡುಗಿ ಕನ್ನಡಿ ನೋಡಿ, ಅಪ್ಪಾ ಇನ್ನೊಂದು ಸಲ ಎಂದಿತು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಇದರ ನಡುವೆ ಒಂದು ವಾರ ಡಾಕ್ಟರು ಭಾವನನ್ನೂ ಕರೆಸಿದ್ದರು. ಮೇಲಿನ ಮೆಟ್ಟಿಲು ಅವರ ಅಂಗಡಿಯಲ್ಲಿರುವುದರಿಂದ ಅವರಿಗೂ ವಿಷಯ ತಿಳಿಯಬೇಕಿತ್ತು. ಅಲ್ಲಿಯವರೆಗೆ ಭಾವ ಇದನ್ನು ನಿಶ್ಶಕ್ತಿ ಎಂದುಕೊಂಡಿದ್ದರು. ಅವರು ಡಾಕ್ಟರ ಮಾತನ್ನು ಬಾಯಿ ಬಿಟ್ಟುಕೊಂಡು ಕೇಳಿದರು, ನಮ್ಮಿಬ್ಬರಿಗಿಂತ ಹೆಚ್ಚು ಪ್ರಶ್ನೆ ಕೇಳಿದರು. ಹೊರಗೆ ಬಂದು ಇವರ ಹೆಗಲ ಮೇಲೆ ಕೈ ಹಾಕಿ, ಕಣ್ಣೀರು ತುಂಬಿಕೊಂಡು, ‘ನೀನು ನನ್ನ ಗಡ್ಡ ಮಾಡೋವರೆಗೂ ಈ ಗಡ್ಡಕ್ಕೆ ಬೇರೆ ಯಾರೂ ಕೈ ಹಾಕಲ್ಲ ಕಣೋ’ ಎಂದರು. ನಿಜವಾಗಿಯೂ ಬಿಟ್ಟರು. ಗಡ್ಡ ಎದೆಯ ಕಡೆ ಇಳಿಯಿತು. ಕ್ಷೌರದ ಅಂಗಡಿಯ ಯಜಮಾನನೇ ಗಡ್ಡ ಬಿಟ್ಟಿದ್ದಾನೆ ಎಂದು ಗಿರಾಕಿಗಳು ನಗುವರು, ಕಾರಣ ಕೇಳುವರು. ಭಾವನಿಗೆ ಕಾರಣ ಕೇಳಿದವರಿಗೆ ಉತ್ತರ ಹೇಳದೆ ಇದ್ದು ಗೊತ್ತಿಲ್ಲ.

ಆ ಹೊತ್ತಿಗೆ ಮಾತಿನ ಡಾಕ್ಟರು ತಾವೂ ಗಡ್ಡ ಬೆಳೆಸಿಕೊಂಡಿದ್ದರು, ಕುರುಚಲು ಗಡ್ಡ, ಅಲ್ಲೊಂದು ಇಲ್ಲೊಂದು. ನನಗೆ ಕಾರಣ ಹೊಳೆದಿರಲಿಲ್ಲ. ಒಂದು ಮಧ್ಯಾಹ್ನ ಅವರು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ, ಮಾಡಿ ಎಂದರು. ಇವರು ತೊಂಬತ್ತು ಎಂದರು, ಭಯಕ್ಕೆ. ಕತ್ತಿ ಗಂಟಲ ಮೇಲಿತ್ತು. ಯೋಚನೆ ಬಂತಾ ಎಂದು ಡಾಕ್ಟರು ಕೇಳಿದರು. ಬಂತು ಎಂದರು ಇವರು. ಬರಲಿ, ಓಡಿಸಬೇಡಿ, ಕೆಲಸ ಮಾಡಿ ಎಂದರು ಆ ಪುಣ್ಯಾತ್ಮ, ಗಂಟಲ ಮೇಲೆ ಕತ್ತಿ ಇಟ್ಟುಕೊಂಡು. ಕೈ ನಿಧಾನವಾಗಿ ನಡೆಯಿತು. ಎಪ್ಪತ್ತು, ಐವತ್ತು, ಮೂವತ್ತು. ಎಲ್ಲೂ ಒಂದು ಗೀರಿಲ್ಲ. ಡಾಕ್ಟರು ಕೆನ್ನೆ ಸವರಿಕೊಂಡು, ತಮಗೆ ಇಂಥ ಗಡ್ಡ ಯಾರೂ ಮಾಡಿರಲಿಲ್ಲ ಎಂದರು. ಇವರು ನಕ್ಕರು. ಆ ನಗು ನೋಡಿ ಎಷ್ಟು ದಿನವಾಗಿತ್ತೋ.

ಆ ಸಂತೋಷ ಆಸ್ಪತ್ರೆಯ ಗೇಟು ದಾಟುವವರೆಗೂ ಉಳಿಯಲಿಲ್ಲ. ನನ್ನ ಜೊತೆ ಕೆಲಸ ಮಾಡುವವಳೊಬ್ಬಳು ನನ್ನನ್ನು ಮೂಲೆಗೆ ಕರೆದಳು. ಅವಳ ಗಂಡ ನಮ್ಮ ಅಂಗಡಿಯ ಗಿರಾಕಿ. ನಿಮ್ಮನೆಯವರಿಗೆ ಗಂಟಲು ಕೊಯ್ಯೋ ಯೋಚನೆ ಬರುತ್ತಂತೆ ಹೌದಾ, ನಿನಗೆ ಪಕ್ಕದಲ್ಲಿ ಮಲಗೋಕೆ ಭಯ ಆಗಲ್ವಾ ಎಂದು ಕೇಳಿದಳು.

ಕೈಯಲ್ಲಿದ್ದ ಬಕೆಟ್ಟು ಅಲ್ಲೇ ಬಿಟ್ಟು ನೆಟ್ಟಗೆ ಅಂಗಡಿಗೆ ಹೋದೆ. ಭಾವ ಒಬ್ಬರಿಗೆ ಗಡ್ಡ ಮಾಡುತ್ತಿದ್ದರು, ಬೆಂಚಿನ ತುಂಬಾ ಜನ. ಆಗಲೂ ಅದೇ ವಿಷಯ ನಡೆದಿತ್ತು. ‘ಬರೀ ಯೋಚನೆ ಸ್ವಾಮಿ, ಮಾಡಲ್ಲ. ನಿಮಗೂ ಬರುತ್ತೆ, ನನಗೂ ಬರುತ್ತೆ. ಈಗ ನೋಡಿ, ಈ ಕತ್ತಿ ಇಲ್ಲಿದೆ, ನಾನು ಒತ್ತಿಬಿಟ್ರೆ ಅಂತ...’ ಎನ್ನುತ್ತಾ ಕತ್ತಿಯನ್ನು ಗಿರಾಕಿಯ ಗಂಟಲ ಮೇಲೆ ಅಲ್ಲೇ ನಿಲ್ಲಿಸಿಕೊಂಡು ವಿವರಿಸುತ್ತಿದ್ದರು. ಕುರ್ಚಿಯಲ್ಲಿದ್ದವನು ಉಸಿರು ಬಿಡುವ ಹಾಗಿರಲಿಲ್ಲ, ತಲೆ ಆಡಿಸುವ ಹಾಗಂತೂ ಮೊದಲೇ ಇಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಭಾವನಿಗೆ ತಾನು ಮಾಡಿದ ತಪ್ಪೇನೆಂದು ಅರ್ಥವೇ ಆಗಲಿಲ್ಲ. ನಾನೇನು ಸುಳ್ಳು ಹೇಳಿದೆನಾ, ಜನ ಇವನನ್ನು ಸೋಮಾರಿ ಅಂತಿದ್ದರು, ನಾನು ಕಾಯಿಲೆ ಅಂತ ತಿಳಿಸಿ ಹೇಳಿದೆ ಎಂದರು. ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ದ್ವೇಷದಿಂದ ಮಾಡಿದ್ದರೆ ಶಾಪವಾದರೂ ಹಾಕಬಹುದಿತ್ತು. ತಮ್ಮನ ಮೇಲಿನ ಪ್ರೀತಿಯಿಂದ, ಹೊಸದಾಗಿ ಕಲಿತ ವಿಷಯದ ಸಂಭ್ರಮದಿಂದ, ಬಂದವರಿಗೆಲ್ಲ ಗಡ್ಡದ ಜೊತೆ ಹಂಚಿದ್ದರು.

ಡಾಕ್ಟರಿಗೆ ಗಡ್ಡ ಮಾಡಿದ ಧೈರ್ಯದಲ್ಲಿ ಇವರು ಕತ್ತಿ ತೊಳೆದುಕೊಂಡು ಒಳಗಿನ ಕುರ್ಚಿಯ ಪಕ್ಕ ನಿಂತರು. ಯಾರೂ ಬರಲಿಲ್ಲ. ಬೆಂಚಿನ ಮೇಲೆ ಕಾಯುವರು, ಒಳಗಿನ ಕುರ್ಚಿ ಖಾಲಿಯಿದ್ದರೂ ಕಾಯುವರು. ಮೇಷ್ಟರು ಬಂದರು. ಇವರು ಕುರ್ಚಿಯ ಧೂಳು ಒರೆಸಿ, ಬನ್ನಿ ಮೇಷ್ಟ್ರೇ ಎಂದರು. ಪರವಾಗಿಲ್ಲಪ್ಪ, ನನಗೆ ಅವಸರವಿಲ್ಲ ಎಂದು ಅವರು ಪೇಪರು ಅಡ್ಡ ಹಿಡಿದುಕೊಂಡರು. ಇಷ್ಟು ವರ್ಷ ಈ ಕೈಯ ಕೆಳಗೆ ಗೊರಕೆ ಹೊಡೆದ ಮನುಷ್ಯ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಕೂತಿದ್ದರು. ನಾನು ಹೇಳುತ್ತೇನೆಂದಿದ್ದ ಮಹಾನುಭಾವರು ಇಂಥವರೇ. ಬೈಗುಳ ಬಾಯಿಯವರೆಗೆ ಬಂದಿದೆ, ಬೇಡ.

ನಾನು ಮಾತಿನ ಡಾಕ್ಟರ ಮೇಲೆ ಹರಿಹಾಯ್ದೆ. ಇವರನ್ನು ವಾಸಿ ಮಾಡಿದಿರಿ, ಬೀದಿಯವರನ್ನ ಯಾರು ವಾಸಿ ಮಾಡ್ತಾರೆ, ಅವರನ್ನೆಲ್ಲ ಯಾವ ಮೆಟ್ಟಿಲು ಹತ್ತಿಸ್ತೀರಿ ಎಂದು ಕೇಳಿದೆ. ಅದು ತಮ್ಮ ಕೈಯಲ್ಲಿಲ್ಲ ಎಂದು ಅವರು ಒಪ್ಪಿಕೊಂಡರು. ಆದರೆ ಕೊನೆಯ ಮೆಟ್ಟಿಲು ಬಾಕಿಯಿದೆ, ಅದನ್ನು ಹತ್ತೋಣ ಎಂದರು. ಅದು ನನಗೂ ಸರಿ ಎನಿಸಿತು. ರಜೆಯ ದಿನ ಭಾವ ಒಳಗಿನ ಕುರ್ಚಿಯಲ್ಲಿ ಕೂತು ಆ ಉದ್ದ ಗಡ್ಡ ತೆಗೆಸಿಕೊಳ್ಳಲಿ, ಮುಂದಿನ ಸಲ ಅಂಗಡಿ ತೆರೆದಿರುವಾಗ ನಾಲ್ಕು ಜನರ ಮುಂದೆ ಕೂರಲಿ. ಸ್ವಂತ ಅಣ್ಣನೇ ಗಂಟಲು ಒಪ್ಪಿಸಿದ್ದನ್ನು ನೋಡಿದ ಮೇಲೆ ಒಬ್ಬನಾದರೂ ಬಂದಾನು. ಒಬ್ಬ ಬಂದರೆ ಒಳಗಿನ ಕುರ್ಚಿ ಉಳಿಯುತ್ತದೆ, ಇವರೂ ಉಳಿಯುತ್ತಾರೆ. ಭಾವನನ್ನು ಕೇಳಿದಾಗ, ಅದೇನು ಕೇಳೋ ಮಾತಾ, ಈ ಗಡ್ಡ ಬಿಟ್ಟಿರೋದೇ ಅದಕ್ಕಲ್ಲವಾ ಎಂದರು.

ರಜೆಯ ದಿನ ಬಂತು. ಇವರು ಬೆಳಿಗ್ಗೆಯೇ ಹೋಗಿ ಒಳಗಿನ ಕುರ್ಚಿಯ ಕಬ್ಬಿಣಕ್ಕೆ ಎಣ್ಣೆ ಹಾಕಿ, ಕನ್ನಡಿ ಒರೆಸಿ, ಒಗೆದ ಬಿಳಿ ಬಟ್ಟೆ ಮಡಿಸಿಟ್ಟು, ಹೊಸ ಬ್ಲೇಡು ಸಿಕ್ಕಿಸಿದ್ದರು. ನಾನು ಚಹಾದ ಫ್ಲಾಸ್ಕು ಹಿಡಿದು ಬೆಂಚಿನ ಮೇಲೆ ಕೂತೆ. ಷಟರು ಅರ್ಧ ಇಳಿದಿತ್ತು. ಭಯ ಎಷ್ಟು ಎಂದು ಕೇಳಿದೆ. ಅರವತ್ತು, ಪರವಾಗಿಲ್ಲ ಎಂದರು.

ಷಟರಿನ ಕೆಳಗೆ ಭಾವನ ಕಾಲು ಕಾಣುವ ಮೊದಲೇ ಘಾಟು ಸೆಂಟಿನ ವಾಸನೆ ಒಳಗೆ ಬಂತು. ಆ ವಾಸನೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯವನು ಗಡ್ಡ ಮಾಡಿದ ಮೇಲೆ ಬಳಿಯುವ ನೀರು. ಅವನಿಗೆ ಕತ್ತಿ ಹಿಡಿಯಲು ಬರುವುದಿಲ್ಲ, ಅದಕ್ಕೇ ಸೆಂಟು ಬಳಿದು ಕಳಿಸುತ್ತಾನೆ ಎಂದು ಭಾವ ಜೀವಮಾನವಿಡೀ ಆಡಿಕೊಂಡು ನಕ್ಕಿದ್ದರು. ಬಗ್ಗಿ ಒಳಗೆ ಬಂದು ನೆಟ್ಟಗೆ ನಿಂತರು. ಎರಡೂ ಕೆನ್ನೆ ನುಣ್ಣಗಿತ್ತು. ಗಲ್ಲದ ಮೇಲೆ ಒಂದು ಹಸಿ ಗಾಯ.

ಸೆಕೆ, ತುರಿಕೆ ತಡೆಯೋಕಾಗಲಿಲ್ಲ ಎಂದರು. ಯಾರ ಮುಖವನ್ನೂ ನೋಡಲಿಲ್ಲ. ನಾನು ಏಳುವುದರಲ್ಲಿದ್ದೆ, ಇವರು ಕೂತಿರು ಎಂದು ಕೈ ಮಾಡಿದರು. ಅಣ್ಣನ ಹತ್ತಿರ ಹೋಗಿ, ಎರಡು ಬೆರಳಿನಿಂದ ಗಲ್ಲ ಎತ್ತಿ, ಬೆಳಕಿನ ಕಡೆ ತಿರುಗಿಸಿ ನೋಡಿದರು.

‘ಸುಳಿ ಹತ್ರ ಬಿಟ್ಟಿದಾನೆ ಅಣ್ಣಾ. ಅವನಿಗೆ ಗೊತ್ತಾಗಿಲ್ಲ. ಬಾ, ಅಷ್ಟು ತೆಗೀತೀನಿ.’

ಭಾವನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಕೂತರು. ಇವರು ಬಟ್ಟೆ ಹೊದಿಸಿ ಹಿಂದೆ ಗಂಟು ಹಾಕಿದರು, ಸುಳಿಯ ಮೇಲೆ ಒಂದಿಷ್ಟು ನೊರೆ ಹಚ್ಚಿದರು, ಕತ್ತಿ ಬಿಚ್ಚಿದರು. ಇವರ ಕೈ ನಡುಗುತ್ತಿರಲಿಲ್ಲ. ನಾನು ನೋಡಿದ್ದೇನೆ, ಒಂದಿಷ್ಟೂ ನಡುಗುತ್ತಿರಲಿಲ್ಲ. ಕುರ್ಚಿಯ ಕೈಗಳೇ ಕಟಕಟ ಅನ್ನುತ್ತಿದ್ದವು, ಭಾವ ಅವನ್ನು ಅಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರು. ಕನ್ನಡಿಯಲ್ಲಿ ಅವರ ಕಣ್ಣು ಕತ್ತಿಯನ್ನೇ ನೋಡುತ್ತಿತ್ತು. ಹಿಂದೆಲ್ಲ ಆ ಕುರ್ಚಿಯಲ್ಲಿ ಮುಚ್ಚಿಕೊಳ್ಳುತ್ತಿದ್ದ ಕಣ್ಣು.

ಇವರು ಕತ್ತಿಯನ್ನು ದೂರ ಹಿಡಿದು ಮೆಲ್ಲಗೆ ಕೇಳಿದರು. ‘ನೂರಕ್ಕೆ ಎಷ್ಟು ಅಣ್ಣಾ?’

‘ಏನು?’

‘ಭಯ.’

ಎಲ್ಲಕ್ಕೂ ಉತ್ತರವಿದ್ದ ಮನುಷ್ಯ ಬಾಯಿ ತೆರೆದು ಮುಚ್ಚಿದರು. ಇವರಿಗೆ ಕೋಪವಿರಲಿಲ್ಲ, ಅಣಕವೂ ಇರಲಿಲ್ಲ. ಮಾತಿನ ಡಾಕ್ಟರು ತನಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದರು. ‘ಎದ್ದು ಹೋಗಬೇಡ. ಸುಮ್ಮನೆ ಕೂತಿರು. ಅದು ತಾನಾಗೇ ಇಳಿಯುತ್ತೆ. ನಂದು ಇಳೀತು.’

ಭಾವ ಎದ್ದರು. ಆಮೇಲೆ ನೋಡೋಣ ಕಣೋ, ಇವತ್ತು ಬೇಡ, ಎದೆ ಹಿಡ್ಕೊಂಡ ಹಾಗಾಗ್ತಿದೆ ಎನ್ನುತ್ತಾ, ಕೊರಳಿಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಬಾಗಿಲಿಗೆ ನಡೆದರು. ಷಟರಿಗೆ ತಲೆ ತಾಗಿತು. ಬಗ್ಗಿ ಹೊರಗೆ ಹೋದರು. ನಾನು ಬಾಗಿಲಿಗೆ ಹೋಗಿ ನೋಡಿದೆ. ರಸ್ತೆಯಲ್ಲಿ ಜನವಿತ್ತು. ಬಿಳಿ ಬಟ್ಟೆ ಹೊದ್ದು, ದವಡೆಯ ಕೆಳಗೆ ನೊರೆ ಇಟ್ಟುಕೊಂಡು, ನಮ್ಮ ಅಂಗಡಿಯಿಂದ ಬೇಗ ಬೇಗ ನಡೆದು ಹೋಗುತ್ತಿದ್ದ ಅಣ್ಣನನ್ನು ಎಲ್ಲರೂ ನಿಂತು ನೋಡಿದರು. ಮೇಷ್ಟರೂ ಇದ್ದರು.

ನಾನು ಒಳಗೆ ತಿರುಗಿದೆ. ಇವರು ಕತ್ತಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರು, ಅದಕ್ಕೆ ನೊರೆಯೂ ಅಂಟಿರಲಿಲ್ಲ. ಬ್ಲೇಡು ತೆಗೆದು ಡಬ್ಬಿಗೆ ಹಾಕಿದರು. ಹಿಂದಕ್ಕೆ ಬಾಗಿಸಿದ್ದ ಕುರ್ಚಿಯ ಬೆನ್ನನ್ನು ಎತ್ತಿ ನೆಟ್ಟಗೆ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

‘ನಂದು ನೂರಕ್ಕೆ ಹತ್ತೂ ಇರಲಿಲ್ಲ ಕಣೇ’ ಎಂದರು.